ಗಾಡಿ ಚಾಲೂ ಇರ್ಲಿ, ಸಾಹೇಬ್ರು ಬರ್ತಾರ

ಕಲಬುರಗಿಯ ಬಿಸಿಲನ್ನು ಸರಕಾರ ಒಪ್ಪಿಕೊಂಡಿದೆ, ಅದೂ ಲಿಖಿತವಾಗಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಹಾಕುತ್ತವೆ. 43-44 ಡಿಗ್ರಿಯಲ್ಲಿ ಕಡತಗಳಿಗೆ ಉಷ್ಣವಾಗಬಾರದಲ್ಲ. ಆದೇಶ ಒಳ್ಳೆಯದೇ, ಗುಮಾಸ್ತರೂ ಮನುಷ್ಯರೇ. ಆದರೆ 1.31ಕ್ಕೆ ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯ ಗೇಟಿನ ಮುಂದೆ ಲೋಡಿಂಗ್ ಪಾಳಿಯಲ್ಲಿ ನಿಂತ ಲಾರಿ ಡ್ರೈವರ್ ಯಾವ ವರ್ಗದ ಪ್ರಾಣಿ ಎಂಬುದನ್ನು ಆದೇಶ ಹೇಳುವುದಿಲ್ಲ.

ಅವನನ್ನು ಆಮೇಲೆ ನೋಡೋಣ. ಮೊದಲು ಸಾಹೇಬರ ಕಾರು.

ಯಾವುದೇ ಜಿಲ್ಲಾ ಕಚೇರಿಯ ಪೋರ್ಟಿಕೋಗೆ ಹೋಗಿ. ಅಲ್ಲೊಂದು ಬಿಳಿ ಕಾರು ಗುರ್ ಎನ್ನುತ್ತ ನಿಂತಿರುತ್ತದೆ. ಒಳಗೆ ಯಾರೂ ಇಲ್ಲ. ಹಿಂದಿನ ಸೀಟಿನಲ್ಲಿ ಬಿಳಿ ಟರ್ಕಿ ಟವೆಲ್ ಮಾತ್ರ ಕೂತಿದೆ. ಎ.ಸಿ. ಓಡುತ್ತಿರುವುದು ಅದಕ್ಕೆ. ಚಾಲಕ ಬೇವಿನ ಮರದ ನೆರಳಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾನೆ. ಟವೆಲ್ಲಿಗಾಗಿ ಮಾಡಿದ ತಂಪಿನಲ್ಲಿ ಅವನು ಕೂರುವಂತಿಲ್ಲ. ಕೇಳಿದರೆ, "ಸಾಹೇಬ್ರು ಯಾವಾಗ ಬರ್ತಾರ ಹೇಳಾಕ ಆಗಂಗಿಲ್ರಿ, ಗಾಡಿ ಚಾಲೂ ಇರ್ಲಿ ಅಂದಾರ" ಎನ್ನುತ್ತಾನೆ. ಸಾಹೇಬರು ಒಳಗೆ ಇಂಧನ ಉಳಿತಾಯದ ಸಭೆಯಲ್ಲಿದ್ದಾರೆ ಎಂದು ನಾನು ಬರೆದರೆ ನೀವು ನಂಬುತ್ತೀರಿ. ಅದೇ ನನಗೆ ಬೇಸರ.

1988ರ ಮೋಟಾರು ವಾಹನ ಕಾಯಿದೆಯ ಸೆಕ್ಷನ್ 126 ಈ ವಿಷಯದಲ್ಲಿ ಬಹಳ ಸ್ಪಷ್ಟ. ಸಾರ್ವಜನಿಕ ಸ್ಥಳದಲ್ಲಿ ಗಾಡಿ ನಿಂತಿದ್ದರೆ, ಲೈಸೆನ್ಸ್ ಇರುವವನೊಬ್ಬ ಚಾಲಕನ ಸೀಟಿನಲ್ಲಿ ಇರಬೇಕು. ಇಲ್ಲವೇ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು. ಟವೆಲ್ಲಿಗೆ ಲೈಸೆನ್ಸ್ ಇದೆಯೇ ಎಂದು ಕೇಳಬಲ್ಲ ಪೊಲೀಸರಿದ್ದರು. ಅವರ ಜೀಪೂ ಪಕ್ಕದಲ್ಲೇ ಚಾಲೂ ಇತ್ತು.

ಈಗ ಸೇಡಂಗೆ ಬನ್ನಿ. ಸುಣ್ಣದಕಲ್ಲಿನ ಬಿಳಿ ಧೂಳಿನ ಯಾರ್ಡು. ಟೋಕನ್ ಪಡೆದ ಲಾರಿಗಳ ಸಾಲು. ನಂಬರು ಇಂದು ರಾತ್ರಿಯೂ ಬರಬಹುದು, ನಾಳೆ ಮಧ್ಯಾಹ್ನವೂ ಬರಬಹುದು. ಕ್ಯಾಬಿನ್ನಿನ ತಗಡು ಕಾದು, ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ. ಡ್ರೈವರು, ಕ್ಲೀನರು ಲಾರಿಯ ಅಡಿಗೆ ತಾಡಪತ್ರಿ ಹಾಸಿ, ಗಾಲಿಗಳ ನಡುವಿನ ನೆರಳಿನಲ್ಲಿ ಮಲಗುತ್ತಾರೆ. ಕೆಲವರು ಚಾಸಿಗೆ ಬಟ್ಟೆ ಕಟ್ಟಿ ತೊಟ್ಟಿಲು ಮಾಡಿಕೊಳ್ಳುತ್ತಾರೆ. ಮುಂದಿನ ಲಾರಿ ಹಿಂದೆ ಸರಿದರೆ ಏನಾದೀತು ಎಂಬುದು ಅವರಿಗೂ ಗೊತ್ತು.

ಹೊಸ ಲಾರಿಯವನ ಪಾಡು ಬೇರೆ. ಅವನದು ಎ.ಸಿ. ಕ್ಯಾಬಿನ್. ಇಂಥ ಎನ್2, ಎನ್3 ವರ್ಗದ, ಅಂದರೆ ಮಧ್ಯಮ ಮತ್ತು ಭಾರಿ ಲಾರಿಗಳಿಗೆಲ್ಲ ಕೇಂದ್ರ ಸರಕಾರ 2023ರ ಡಿಸೆಂಬರಿನಲ್ಲೇ ಅಧಿಸೂಚನೆ ಹೊರಡಿಸಿತು: 2025ರ ಅಕ್ಟೋಬರ್ 1ರಿಂದ ತಯಾರಾಗುವವಕ್ಕೆ ಕ್ಯಾಬಿನ್ ಎ.ಸಿ. ಕಡ್ಡಾಯ. ಹಳೆಯ ಲಾರಿಗಳಿಗಿಲ್ಲ, ಅವುಗಳ ಡ್ರೈವರುಗಳು ಹಳೆಯ ಬಿಸಿಲನ್ನೇ ಮುಂದುವರಿಸತಕ್ಕದ್ದು. ಆದರೂ ಬೇಕಾಗಿದ್ದ ನಿಯಮ, ತಡವಾಗಿಯಾದರೂ ಬಂತು. ಆದರೆ ಎ.ಸಿ. ಓಡಬೇಕಾದರೆ ಇಂಜಿನ್ ಓಡಬೇಕು. ಇಂಜಿನ್ ಓಡಿದ ಕೂಡಲೇ ಕಲಬುರಗಿಯಲ್ಲಿ ಕೂತ ಮಾಲಕರ ಮೊಬೈಲಿನಲ್ಲಿ ಜಿಪಿಎಸ್ ಟಿಣ್ ಎನ್ನುತ್ತದೆ: ಐಡ್ಲಿಂಗ್ ಅಲರ್ಟ್.

"ಏ ತಮ್ಮಾ, ನಿಂತ ಗಾಡಿ ಯಾಕ ಚಾಲೂ ಇಟ್ಟೀದಿ?"

"ಭಾಳ ಝಳ ಅದ್ರಿ ಮಾಲಕ್ರ. ಕೂಡಾಕ ಆಗವಲ್ದು."

"ಝಳ ನಿನಗೊಬ್ಬಂಗೇನು? ನಿಮ್ಮಪ್ಪ ಎ.ಸಿ. ಹಚ್ಚಿ ಹೊಲ ಉಳ್ತಿದ್ನೇನು? ಬಂದ್ ಮಾಡು ಮೊದಲ."

ಮಾಲಕರ ಲೆಕ್ಕವೂ ಸುಳ್ಳಲ್ಲ. ದೊಡ್ಡ ಲಾರಿ ಎ.ಸಿ. ಹಾಕಿಕೊಂಡು ನಿಂತಲ್ಲೇ ನಿಂತರೆ ಗಂಟೆಗೆ ಸುಮಾರು ಎರಡು ಲೀಟರ್ ಡೀಸೆಲ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಆಸುಪಾಸು ಎಂದರೆ ಎಂಟು ತಾಸಿಗೆ 1,400 ದಾಟಿತು. ಡ್ರೈವರನ ಒಂದು ದಿನದ ಬತ್ತಾ ಅಷ್ಟಿರುವುದು ಅಪರೂಪ. ಅವನು ತಂಪಾಗಿ ಮಲಗಿದರೆ ಅವನಿಗಿಂತ ಅವನ ನಿದ್ದೆಯೇ ದುಬಾರಿ. ಆವರೇಜ್ ಬಿದ್ದರೆ ಬತ್ತಾದಲ್ಲೇ ಕಡಿತ.

ಇಂಜಿನ್ನಿಗೂ ಈ ಸುಖ ಒಗ್ಗುವುದಿಲ್ಲ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಲಾರಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಮಸಿ ಉರಿದುಹೋಗಲು ಹೊಗೆ ಚೆನ್ನಾಗಿ ಕಾಯಬೇಕು. ಕಾಯಬೇಕಾದರೆ ಗಾಡಿ ಭಾರ ಎಳೆಯಬೇಕು. ಸುಮ್ಮನೆ ಗುರ್‌ಗುಟ್ಟಿಸಿದರೆ ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ದುಡಿಯದೆ ಕೂತರೆ ಮಸಿ ಕಟ್ಟುವ ಯಂತ್ರವನ್ನು ಯಾರೋ ಲಾರಿಗೇ ಯಾಕೆ ಕೂರಿಸಿದರೋ, ಕುರ್ಚಿಗಳಿಗೂ ಕೂರಿಸಬಹುದಿತ್ತು. ಯಾರ್ಡಿನ ಎಲ್ಲ ಲಾರಿಗಳೂ ಚಾಲೂ ಇದ್ದರೆ ಆ ಹೊಗೆಯೆಲ್ಲ ಹೋಗುವುದು ಪಕ್ಕದ ಲಾರಿಯಡಿ ಮಲಗಿದವನ ಮೂಗಿಗೆ. ಹಾಗಾಗಿ ಡ್ರೈವರ್ ಇಂಜಿನ್ ನಿಲ್ಲಿಸಬೇಕು ಎಂಬುದರಲ್ಲಿ ತಕರಾರಿಲ್ಲ. ನಿಲ್ಲಿಸಿದ ಮೇಲೆ ಅವನು ಎಲ್ಲಿಗೆ ಹೋಗಬೇಕು? ಒಂದು ತಗಡಿನ ಶೆಡ್ಡು, ನಾಲ್ಕು ಫ್ಯಾನು, ಕುಡಿಯುವ ನೀರು, ನಂಬರು ಬಂದಾಗ ಮೊಬೈಲಿಗೊಂದು ಮೆಸೇಜು. ಇಷ್ಟಕ್ಕೆ ಅಧಿಸೂಚನೆ ಬೇಡ, ತಂತ್ರಜ್ಞಾನ ಬೇಡ. ಇಷ್ಟು ಸಣ್ಣದಕ್ಕೆ ಉದ್ಘಾಟನೆಗೂ ಯಾರೂ ಬರುವುದಿಲ್ಲ. ಆಗದಿರುವುದಕ್ಕೆ ಅದೇ ಕಾರಣವಿರಬೇಕು.

ನ್ಯೂಯಾರ್ಕ್ ನಗರದಲ್ಲಿ ಲಾರಿ, ಬಸ್ಸು ನಿಂತಲ್ಲೇ ಮೂರು ನಿಮಿಷಕ್ಕಿಂತ ಹೆಚ್ಚು ಇಂಜಿನ್ ಓಡಿಸಿದರೆ ದಂಡ. ವಿಡಿಯೋ ಮಾಡಿ ದೂರು ಕೊಟ್ಟ ನಾಗರಿಕನಿಗೆ ದಂಡದಲ್ಲಿ ಶೇ. 25 ಪಾಲು. ಇದನ್ನು ಕಾರು, ಜೀಪಿಗೂ ಹಿಗ್ಗಿಸಿ ಇಲ್ಲಿಗೆ ತಂದರೆ ನಿರುದ್ಯೋಗ ಒಂದೇ ಬೇಸಿಗೆಯಲ್ಲಿ ನೀಗುತ್ತದೆ. ವಿಧಾನಸೌಧದ ಎದುರು ಸ್ಟೂಲ್ ಹಾಕಿಕೊಂಡು ಕೂರಲು ಇಂಜಿನಿಯರಿಂಗ್ ಪದವೀಧರರೇ ಪಾಳಿ ಹಚ್ಚುತ್ತಾರೆ. ಅಧಿವೇಶನದ ದಿನಗಳಿಗೆ ಟೆಂಡರ್ ಕರೆಯಬೇಕಾದೀತು.

ಕಾಯಿದೆ ಹಾಗೆಲ್ಲ ಬರುವುದಿಲ್ಲ ಬಿಡಿ. ಬರುವುದು ಏನು ಎಂದು ಹೇಳುತ್ತೇನೆ. ಮುಂದಿನ ಬೇಸಿಗೆಯಷ್ಟರಲ್ಲಿ ಹೊಸ ಲಾರಿಗಳ ಎ.ಸಿ. ಕಂಪ್ರೆಸರಿನ ಬೆಲ್ಟುಗಳು ಮಾಲಕರ ಮನೆಯ ಕಪಾಟು ಸೇರಿರುತ್ತವೆ, ಜೊತೆಗೆ ಸ್ಪೀಡ್ ಗವರ್ನರಿನ ಬಿಡಿಭಾಗಗಳೂ ಇರಲಿಕ್ಕೆ ಸಾಕು. ಫಿಟ್ನೆಸ್ ಸರ್ಟಿಫಿಕೇಟಿನ ದಿನ ಮೆಕ್ಯಾನಿಕ್ ಬಂದು ಬೆಲ್ಟು ಹಾಕುತ್ತಾನೆ. ಆರ್.ಟಿ.ಓ. ಕಚೇರಿಯ ಮುಂದೆ ಲಾರಿ ಚಾಲೂ ಇರುತ್ತದೆ. ಡ್ರೈವರ್ ಗಾಜು ಏರಿಸಿ, ಕಣ್ಣು ಮುಚ್ಚಿ, ಇನ್‌ಸ್ಪೆಕ್ಟರು ಆದಷ್ಟು ತಡವಾಗಿ ಬರಲಪ್ಪ ಎಂದು ಶರಣಬಸವೇಶ್ವರನಿಗೆ ಹರಕೆ ಹೊರುತ್ತಾನೆ.