ಫ್ರೀಮ್ಯಾಂಟಲ್ ಬೂತಾಯಿ

ಫ್ರೀಮ್ಯಾಂಟಲ್‌ಗೆ ಕಾಲಿಡುವ ಮೊದಲೇ ಆ ಊರಿನ ಮೇಲೆ ನಾನೊಂದು ಕಡತ ತೆರೆದಿದ್ದೆ. ಸರ್ವೀಸಿನುದ್ದಕ್ಕೂ ಸರ್ಕಾರಿ ಟಿಪ್ಪಣಿ ಬರೆದ ಕೈ ಇದು, ನಿವೃತ್ತಿಯಾದ ಮೇಲೂ ತುರಿಸುತ್ತದೆ. ಮಗಳು ಅಳಿಯ ಇರುವುದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಸ್ವಾನ್ ನದಿ ಹಿಂದೂ ಮಹಾಸಾಗರ ಸೇರುವಲ್ಲಿ ಈ ಬಂದರು. 1829ರಲ್ಲಿ ಚಾರ್ಲ್ಸ್ ಫ್ರೀಮ್ಯಾಂಟಲ್ ಎಂಬ ಕ್ಯಾಪ್ಟನ್ ಬಂದು ಬ್ರಿಟಿಷ್ ಬಾವುಟ ನೆಟ್ಟ. ಅದಕ್ಕೂ ಎಷ್ಟೋ ಕಾಲದಿಂದ ಅಲ್ಲೇ ಇದ್ದ ನ್ಯೂಂಗಾರ್ ಜನರಿಗೆ ಅದು ವಾಲ್ಯಲಪ್. ಇದಿಷ್ಟು ಕಡತದ ಮೊದಲ ಪುಟ. ನನ್ನ ಲೆಕ್ಕದಲ್ಲಿ ನಾನು ಗೈಡು, ಮನೆಯವರು ಪ್ರವಾಸಿಗಳು. ಮನೆಯವರ ಲೆಕ್ಕದಲ್ಲಿ ನಾನು ನೀರಿನ ಬಾಟಲಿ, ಮೊಮ್ಮಗನ ಜರ್ಕಿನ್ ಮತ್ತು ಮೂರು ಚೀಲ ಹೊರುವವನು.

ನನ್ನ ಹೆಂಡತಿ ಮಲ್ಪೆಯವಳು. ನಾನು ತುಮಕೂರಿನ ಕಡೆಯವನು. ಕೆರೆ ಕೋಡಿ ಬಿದ್ದರೆ ದಂಡೆಯ ಮೇಲೇ ನಿಂತು ಕೈಮುಗಿದು ಮನೆಗೆ ಬರುವ ಜನ ನಾವು. ಮದುವೆಯಾದ ಮೇಲೆ ಮೀನು ತಿನ್ನಲು ಕಲಿತೆ, ಈಜಲು ಕಲಿಯಲಿಲ್ಲ. ಒಂದು ಸಂಸಾರಕ್ಕೆ ಅಷ್ಟು ಸಾಕೆಂದು ಆಗ ಅನ್ನಿಸಿತ್ತು.

ಮೊದಲು ಕರೆದೊಯ್ದದ್ದು ರೌಂಡ್ ಹೌಸಿಗೆ. 1831ರಲ್ಲಿ ಕಟ್ಟಿ ಮುಗಿಸಿದ ಜೈಲು, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಉಳಿದಿರುವ ಅತಿ ಹಳೆಯ ಕಟ್ಟಡ. ಹೆಸರಿಗೆ ರೌಂಡು, ಎಣಿಸಿದರೆ ಹನ್ನೆರಡು ಮುಖ. ಹಿಂದೆ ಇಲ್ಲಿ ಹಡಗುಗಳವರು ಗಡಿಯಾರ ಸರಿಪಡಿಸಿಕೊಳ್ಳಲೆಂದು ದಿನವೂ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಫಿರಂಗಿ ಹಾರಿಸುತ್ತಿದ್ದರು, ಈಗ ನಮ್ಮಂಥವರಿಗಾಗಿ ಹಾರಿಸುತ್ತಾರೆ. ಇದನ್ನೆಲ್ಲ ನಾನು ಫಿರಂಗಿಯ ಪಕ್ಕವೇ ನಿಂತು ವಿವರಿಸುತ್ತಿದ್ದೆ. "ಅಪ್ಪ, ಸ್ವಲ್ಪ ಈಚೆ ಬಾ" ಎಂದಳು ಮಗಳು. ಕೈಗಡಿಯಾರ ನೋಡಿ, "ಇನ್ನೂ ಬೇಕಾದಷ್ಟು ಟೈಮಿದೆ" ಎಂದೆ. ಇತ್ತು ಕೂಡ. ನನ್ನ ಗಡಿಯಾರದಲ್ಲಿ ಹತ್ತೂವರೆ. ವಾಪಸು ಹೋದಾಗ ಮತ್ತೆ ತಿರುಗಿಸುವ ತಾಪತ್ರಯ ಯಾಕೆಂದು ಅದನ್ನು ಭಾರತದ ಸಮಯದಲ್ಲೇ ಬಿಟ್ಟಿದ್ದೆ. ಬೇಕಾದಾಗ ಎರಡೂವರೆ ಗಂಟೆ ಕೂಡಿಕೊಂಡರಾಯಿತು. ಕೂಡಿಕೊಳ್ಳುವ ಮೊದಲೇ ಫಿರಂಗಿ ಹಾರಿತು.

ಆಮೇಲೆ ನಾನು ಕಣ್ಣು ಬಿಟ್ಟದ್ದು ಹೆಂಡತಿಯ ಬೆನ್ನ ಹಿಂದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಫಿರಂಗಿಗೆ ತಟ್ಟಿದ್ದೆಂದು ಅಳಿಯ ಸಮಾಧಾನ ಹೇಳಿದ, ಸಂಭಾವಿತ ಹುಡುಗ. ಇವಳು ಮಾತ್ರ, "ಒಂದು ಗಂಟೆ ಆಯ್ತಲ್ಲ ಮಾರಾಯ್ರೆ, ಊಟಕ್ಕೆ ಹೋಗುವ" ಎಂದಳು.

ಊಟವಾದ ಮೇಲೆ ದೊಡ್ಡ ಜೈಲು. ಇಂಗ್ಲೆಂಡಿನಿಂದ 1850ರಿಂದ 1868ರವರೆಗೆ 9,000ಕ್ಕೂ ಹೆಚ್ಚು ಕೈದಿಗಳನ್ನು ಹಡಗಿನಲ್ಲಿ ಇತ್ತ ತಂದು ಇಳಿಸಿದರು. ಅಲ್ಲೇ ಸುಣ್ಣದ ಕಲ್ಲು ಒಡೆದು ತಮ್ಮ ಜೈಲನ್ನು ಅವರೇ ಕಟ್ಟಿಕೊಂಡರು. ಅದು ಮುಚ್ಚಿದ್ದು 1991ರಲ್ಲಿ, ಈಗ ವಿಶ್ವ ಪರಂಪರೆಯ ತಾಣ. ಯೂರೋಪಿನಿಂದ ಇಲ್ಲಿಗೆ ಬಂದವರಲ್ಲಿ ಎಷ್ಟೋ ಜನ ಹೀಗೆ ಟಿಕೆಟ್ಟಿಗೆ ಕಾಸು ಕೊಡದೆ ಬಂದವರು ಎಂದು ನಾನೊಂದು ಚಟಾಕಿ ಹಾರಿಸಿದೆ. ಯಾರೂ ನಗಲಿಲ್ಲ.

ಮೂನ್‌ಡೈನ್ ಜೋ ಎಂಬ ಕಳ್ಳನ ಕತೆಗೆ ಮಾತ್ರ ಎಲ್ಲರೂ ಕಿವಿಗೊಟ್ಟರು. ಜೈಲಿನಿಂದ ಪದೇ ಪದೇ ತಪ್ಪಿಸಿಕೊಳ್ಳುತ್ತಿದ್ದ ಅವನಿಗೆಂದೇ ಮರದ ದಿಮ್ಮಿ ಜೋಡಿಸಿ, ಮೊಳೆ ಹೊಡೆದು ವಿಶೇಷ ಕೋಣೆ ಮಾಡಿದ್ದರು. ಇಲ್ಲಿಂದಲೂ ಪಾರಾದರೆ ಮಾಫಿ ಎಂದು ಗವರ್ನರ್ ಹ್ಯಾಂಪ್ಟನ್ ಸವಾಲು ಹಾಕಿದ್ದನಂತೆ. ಬಿಸಿಲಿಗೆ ಬಿಟ್ಟು ಅಂಗಳದಲ್ಲಿ ಕಲ್ಲು ಒಡೆಯುವ ಕೆಲಸ ಕೊಟ್ಟರು. ಜೋ ನಿಯತ್ತಾಗಿ ಒಡೆದ. ಕಲ್ಲಿನ ರಾಶಿ ಎತ್ತರವಾಗಿ ಕಾವಲಿನವನಿಗೆ ಆಚೆಯದು ಕಾಣದಂತಾದಾಗ ಹಿಂದಿನ ಗೋಡೆಯನ್ನೂ ಒಡೆದು 1867ರಲ್ಲಿ ನಡೆದೇಬಿಟ್ಟ.

"ನೋಡಿ, ಸುತ್ತಿಗೆ ಕೊಟ್ಟರೆ ಗಂಡಸರು ಎಂತೆಲ್ಲ ಮಾಡ್ತಾರೆ" ಎಂದಳು ಇವಳು. ನಮ್ಮ ಮನೆಯ ಹಜಾರದಲ್ಲಿ ಕ್ಯಾಲೆಂಡರಿಗೆ ಮೊಳೆ ಹೊಡೆಯುವ ಪ್ರಸ್ತಾವ ನನ್ನ ಬಳಿ ಬಹಳ ಕಾಲದಿಂದ ಪರಿಶೀಲನೆಯಲ್ಲಿದೆ. ಕ್ಯಾಲೆಂಡರ್ ಫ್ರಿಜ್ಜಿಗೆ ಒರಗಿ ನಿಂತಿದೆ.

ಬಂದರಿನ ಮ್ಯೂಸಿಯಂ ಹತ್ತಿರ ವೆಲ್‌ಕಮ್ ವಾಲ್ಸ್ ಎಂಬ ಫಲಕಗಳ ಸಾಲಿದೆ. ಹಡಗಿನಲ್ಲಿ ಬಂದಿಳಿದು ಇಲ್ಲೇ ನೆಲೆಸಿದವರ ಹೆಸರುಗಳು: ಇಟಲಿ, ಗ್ರೀಸ್, ಕ್ರೊಯೇಷಿಯಾ, ಪೋರ್ಚುಗಲ್, ಇಂಗ್ಲೆಂಡ್. ನಮ್ಮ ಕಡೆಯವರಿಗೆ ಆಗ ಬಾಗಿಲು ಅಷ್ಟು ಸಲೀಸಾಗಿರಲಿಲ್ಲ. 1901ರ ಕಾನೂನಿನ ಪ್ರಕಾರ, ಬೇಡವಾದವರಿಗೆ ಅಧಿಕಾರಿ ತನಗೆ ತೋಚಿದ ಯೂರೋಪಿನ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಿತ್ತು. ಬರೆಯಲಾಗದಿದ್ದರೆ ಬಂದ ಹಡಗಿನಲ್ಲೇ ವಾಪಸು. ಈ ನಿಯಮ 1958ರವರೆಗೂ ಇತ್ತು. ನನ್ನನ್ನಂತೂ ಕನ್ನಡದಲ್ಲಿ ಬರೆಸಿದರೂ ಫೇಲು ಮಾಡುತ್ತಿದ್ದರು, ನನ್ನ ಅಕ್ಷರ ಓದಬಲ್ಲವರು ನಮ್ಮ ಸೆಕ್ಷನ್ನಿನ ಟೈಪಿಸ್ಟ್ ಒಬ್ಬರೇ. ಅಳಿಯ ವಿಮಾನದಲ್ಲಿ ಬಂದವನು, ಅವನ ಹೆಸರು ಆ ಸಾಲಿನಲ್ಲಿ ಇಲ್ಲ. ಆದರೂ ಮೊಮ್ಮಗ ಹಟ ಹಿಡಿದು ಹುಡುಕಿದ.

ಬೀಚಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹೇಳಿದಷ್ಟೂ ನನಗೇ ನಷ್ಟ. ರೌಂಡ್ ಹೌಸಿನ ಅಡಿಯಲ್ಲಿ ತಿಮಿಂಗಿಲ ಬೇಟೆಯವರು 1837ರಲ್ಲಿ ಕೊರೆಸಿದ ಸುರಂಗವೊಂದಿದೆ. ಅದನ್ನು ದಾಟಿದರೆ ಬೇದರ್ಸ್ ಬೀಚ್. ಪ್ಯಾಂಟು ಮೊಣಕಾಲಿಗೆ ಮಡಚಿ, ಮಂಕಿಕ್ಯಾಪು ಹಾಕಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತೆ. "ತಾತ, ಇದು ಬೇಸಿಗೆ" ಎಂದ ಮೊಮ್ಮಗ. ಅವನ ಮಾತಿಗೆ ಬೆಲೆ ಕೊಟ್ಟು ಕ್ಯಾಪು ತೆಗೆದೆ.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಲ್ಲಿ ಕಡಲಿನಿಂದ ಜೋರಾದ ತಂಗಾಳಿ ಎದ್ದು ಪರ್ತ್‌ವರೆಗೂ ಸೆಕೆ ಇಳಿಸುತ್ತದೆ. ಜನ ಅದನ್ನು ಫ್ರೀಮ್ಯಾಂಟಲ್ ಡಾಕ್ಟರ್ ಎನ್ನುತ್ತಾರೆ. 1987ರ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆ ಇದೇ ಗಾಳಿಯಲ್ಲಿ ನಡೆಯಿತು. ನನ್ನ ಎಡಗಿವಿಯ ಮೇಲಿಂದ ಹೊರಟು ಬೋಳುತಲೆಯನ್ನು ದಾಟಿ ಬಲಗಿವಿ ಮುಟ್ಟುವಂತೆ ಎಣ್ಣೆ ಹಚ್ಚಿ ಕೂರಿಸಿದ ಒಂದಿಷ್ಟು ಕೂದಲಿದೆ. ಬೆಂಗಳೂರಿನ ಬಿಎಂಟಿಸಿ ಕಿಟಕಿಯ ಗಾಳಿಗೂ ಅದು ಜಗ್ಗಿದ್ದಿಲ್ಲ. ಡಾಕ್ಟರು ಬಂದವರೇ ಅದನ್ನು ಬುಡಸಮೇತ ಎತ್ತಿ ಎಡಗಡೆಗೆ ಹಾಯಿಯಂತೆ ನಿಲ್ಲಿಸಿದರು. ಮಗಳು ಫೋಟೋ ತೆಗೆದಳು. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಈಗಲೂ ಹಬ್ಬಕ್ಕೊಮ್ಮೆ ಅದು ಓಡಾಡುತ್ತದೆ.

ಇಷ್ಟೆಲ್ಲ ಆಗುವಾಗ ನಮ್ಮವಳು ಪಕ್ಕದ ಮೀನುಗಾರಿಕೆ ಬಂದರಿನತ್ತ ಮೂಗರಳಿಸಿ ನಡೆದಾಗಿತ್ತು. ನಾವು ಹೋಗಿ ಸೇರುವಷ್ಟರಲ್ಲಿ ಮೀನಂಗಡಿಯೊಂದರಲ್ಲಿ ನಿಂತು, ಐಸಿನ ಮೇಲೆ ಮಲಗಿದ್ದ ಮೀನುಗಳ ಕಿವಿರು ಎತ್ತೆತ್ತಿ ನೋಡುತ್ತಿದ್ದಳು. ಗಾಜಿನಾಚೆ ನಿಂತಿದ್ದ ಇಟಲಿ ಮೂಲದ ಮುದುಕಿ ಬೈಯುತ್ತಾಳೆಂದು ನಾನು ಪರ್ಸು ಗಟ್ಟಿಯಾಗಿ ಹಿಡಿದುಕೊಂಡೆ. ಬೈಯಲಿಲ್ಲ. ತಾನೇ ಇನ್ನೊಂದು ರಾಶಿಯಿಂದ ಮೀನು ತೆಗೆದು ಕಿವಿರು ಬಿಡಿಸಿ ತೋರಿಸಿದಳು. ಕೆಂಪಗಿತ್ತು.

"ಇದು ನಮ್ಮ ಬೂತಾಯಿಯೇ!" ಎಂದು ಇವಳು ಕೂಗಿದಳು. ಕಡತದ ಪ್ರಕಾರ ಅದು ಸಾರ್ಡೀನ್. ಬೆಲೆಯನ್ನು ರೂಪಾಯಿಗೆ ಗುಣಿಸಿ ಹೇಳುವುದು ಆ ಊರಿನಲ್ಲಿ ನನಗೆ ಉಳಿದಿದ್ದ ಏಕೈಕ ಅಧಿಕಾರ. ಹೇಳಿದೆ. "ಬೂತಾಯಿಗೆ ಅಷ್ಟಾ? ಮಲ್ಪೆಯಲ್ಲಿ ಹೇಳಿದರೆ ನಗಾಡ್ತಾರೆ" ಎಂದವಳು, ಎರಡು ಕಿಲೋ ಹಾಕಲು ಕೈಸನ್ನೆ ಮಾಡಿದಳು.

ಅಂಗಡಿಯ ಗೋಡೆಯ ಮೇಲೆ ಒಂದು ಮೆರವಣಿಗೆಯ ಫೋಟೋ ಇತ್ತು. ಇಟಲಿಯ ಮೊಲ್ಫೆಟ್ಟಾ, ಸಿಸಿಲಿಯ ಕಾಪೊ ದೊರ್ಲಾಂಡೊ ಎಂಬ ಕಡಲೂರುಗಳ ಮೀನುಗಾರರು ಇಲ್ಲಿಗೆ ಬಂದು ನೆಲೆಸಿದವರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಅವರಲ್ಲಿ ಅನೇಕರನ್ನು ಶತ್ರು ದೇಶದವರೆಂದು ಹಿಡಿದು ಶಿಬಿರಕ್ಕೆ ಹಾಕಿದ್ದರು. ಯುದ್ಧ ಮುಗಿದ ಮೇಲೆ, 1948ರಿಂದ, ಪ್ರತಿ ಅಕ್ಟೋಬರಿನಲ್ಲಿ ಮೇರಿಮಾತೆಯ ವಿಗ್ರಹಗಳನ್ನು ಇಗರ್ಜಿಯಿಂದ ಹೊತ್ತು ತಂದು ದೋಣಿಗಳಿಗೆ ಆಶೀರ್ವಾದ ಮಾಡಿಸುತ್ತಾರೆ. ಇದು ನನ್ನ ಕಡತದ ಅತ್ಯುತ್ತಮ ಪುಟ. ಕೆಮ್ಮಿ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮುದುಕಿ ಫೋಟೋ ತೋರಿಸಿ, ಎರಡೂ ಕೈ ಭುಜದ ಮೇಲಿಟ್ಟು ಹೊತ್ತಂತೆ ಮಾಡಿ, ಸಮುದ್ರದ ಕಡೆ ಬೆರಳು ಮಾಡಿ, ಶಿಲುಬೆಯ ಗುರುತು ಹಾಕಿಕೊಂಡಳು. ಇವಳಿಗೆ ಪೂರ್ತಿ ಅರ್ಥವಾಯಿತು.

"ನಮ್ಮಲ್ಲೂ ಉಂಟು, ಸಮುದ್ರ ಪೂಜೆ. ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಆಮೇಲೆಯೇ ದೋಣಿ ಇಳಿಸುವುದು. ಇವರೇ, ಇಂಗ್ಲಿಷಲ್ಲಿ ಹೇಳಿ."

ಕೊನೆಗೂ ನನ್ನ ಸರದಿ! ಆಫೀಸಿನ ಇಂಗ್ಲಿಷಿನಲ್ಲಿ, ಸದರಿ ಸಮುದ್ರಕ್ಕೆ ಹಾಲನ್ನು ಸಲ್ಲಿಸಲಾಗುವುದು ಎಂಬಂತೆ ಏನೋ ಒಂದು ವಾಕ್ಯ ಕಟ್ಟಿದೆ. ಮುದುಕಿ ನನ್ನನ್ನು ಒಮ್ಮೆ ನೋಡಿದಳು. ಇವಳು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಚೊಂಬಿನಿಂದ ಸುರಿದಂತೆ ಕೈ ಮಾಡಿದಳು. ಮುದುಕಿಯ ಮುಖ ಅರಳಿತು. ಅನಂತರ ಮಸಾಲೆಯ ಮಾತು. ಆಕೆ ನಿಂಬೆ ಹಿಂಡಿ, ಬೆಳ್ಳುಳ್ಳಿ ಜಜ್ಜಿ ತೋರಿಸಿದರೆ, ಇವಳು ಮೆಣಸು ಅರೆದು ಹುಣಸೆ ಕಿವುಚಿ ತೋರಿಸಿದಳು. ನಾನು ಚೀಲ ಹಿಡಿದು ನಿಂತಿದ್ದೆ. ಕಾಲು ಕಿಲೋ ಹೆಚ್ಚಿಗೆ ಬಿತ್ತು, ಅದರ ದುಡ್ಡು ಆಕೆ ತೆಗೆದುಕೊಳ್ಳಲಿಲ್ಲ.

ವಾಪಸು ಬರುವ ರೈಲಿನಲ್ಲಿ ನಮ್ಮ ಸುತ್ತಲಿನ ಸೀಟುಗಳು ಖಾಲಿಯಾಗೇ ಉಳಿದವು.

ರಾತ್ರಿ ಮಗಳ ಮನೆಯಲ್ಲಿ, ವಿಮಾನ ನಿಲ್ದಾಣದಲ್ಲಿ ಡಿಕ್ಲೇರ್ ಮಾಡಿ ತಂದ ಬ್ಯಾಡಗಿ ಮೆಣಸಿನ ಪುಡಿ ಸವರಿದ ಬೂತಾಯಿ ಕಾವಲಿಯ ಮೇಲೆ ಬಿದ್ದದ್ದೇ ತಡ, ಚಾವಣಿಯ ಸ್ಮೋಕ್ ಅಲಾರಂ ಬಾಯಿ ಬಿಟ್ಟಿತು. ಅಳಿಯ ಕಿಟಕಿ ತೆರೆದ. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಫ್ಲಾಟಿನಾತ ಗಾಬರಿಯಿಂದ ನಿಂತಿದ್ದ. ಕುರ್ಚಿಯ ಮೇಲಿಂದಲೇ, ಗಾಬರಿ ಬೇಡ, ಇದು 1948ರಿಂದ ನಡೆದು ಬಂದ ಸಂಪ್ರದಾಯ ಎಂದು ಶುರು ಮಾಡಿದೆ.

ಒಳಗಿನಿಂದ ಇವಳ ದನಿ ಬಂತು: "ಅವರಿಗೆ ಎರಡು ಮೀನು ಕೊಡಿ ಮಾರಾಯ್ರೆ, ಇತಿಹಾಸ ಆಮೇಲೆ ಹೇಳಿ."