ತೀರಿಕೊಂಡ ‘ಸರ್’ ಜೊತೆ ಮಾತುಕತೆ

(ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯ ಟಿಚ್‌ಬೋರ್ನ್ ಮನೆತನದ ವಂಶಪಾರಂಪರ್ಯವಾಗಿ ‘ಸರ್’ ಎನಿಸುವ ‘ಬ್ಯಾರನೆಟ್’ ಬಿರುದು 1621ರಲ್ಲಿ ಹುಟ್ಟಿ 1968ರಲ್ಲಿ ಕಾಲವಾಯಿತು. ಠೀವಿ ಮಾತ್ರ ಹಾಗೇ ಇದೆ.)

ತಮ್ಮ ಜನನ?

— ಒಂದನೇ ಜೇಮ್ಸ್ ದೊರೆಯ ಕೃಪೆ.

ಕೃಪೆಗೆ ರೇಟು ಇತ್ತಂತೆ. 1611ರಲ್ಲಿ ಈ ಬಿರುದು ಶುರುವಾದಾಗ 1,095 ಪೌಂಡು!

— ಅದು ಐರ್ಲೆಂಡಿನಲ್ಲಿ ಮೂವತ್ತು ಸಿಪಾಯಿಗಳನ್ನು ಮೂರು ವರ್ಷ ಸಾಕುವ ಖರ್ಚು. ನಮ್ಮವರು ಕೊಟ್ಟರೋ ಇಲ್ಲವೋ ಎಂದೆಲ್ಲ ಸತ್ತವರನ್ನು ಕೇಳಬಾರದು.

ಸಾವು ಹೇಗೆ?

— ಹದಿನಾಲ್ಕನೆಯವರಾದ ಸರ್ ಆಂಥೊನಿ ಕಣ್ಣು ಮುಚ್ಚಿದರು. ಉತ್ತರಾಧಿಕಾರಿ ಇರಲಿಲ್ಲ.

ಹೆಣ್ಣುಮಕ್ಕಳಿದ್ದರಲ್ಲ?

— ಅದನ್ನೇ ಹೇಳಿದೆ, ಇರಲಿಲ್ಲ.

ಮೇಬೆಲ್ಲಾ ಶಾಪ ಎನ್ನುತ್ತಾರೆ ಊರವರು.

— ಹನ್ನೆರಡನೇ ಶತಮಾನದ ಕಥೆ. ಹಾಸಿಗೆ ಹಿಡಿದ ನಮ್ಮ ಮನೆಯೊಡತಿ ಮೇಬೆಲ್ಲಾ, ಬಡವರಿಗೆ ವರ್ಷಕ್ಕೊಮ್ಮೆ ದಾನ ಕೊಡಿ ಎಂದಳಂತೆ. ಗಂಡ ಒಲೆಯಿಂದ ಕೊಳ್ಳಿ ಎಳೆದು, ಇದು ಆರುವುದರೊಳಗೆ ಎಷ್ಟು ನೆಲ ಸುತ್ತುತ್ತೀಯೋ ಅಷ್ಟರ ಬೆಳೆ ದಾನಕ್ಕೆ ಎಂದನಂತೆ. ನಿಲ್ಲಲಾಗದವಳು ತೆವಳಿಕೊಂಡೇ ಇಪ್ಪತ್ಮೂರು ಎಕರೆ ಸುತ್ತಿಬಂದಳು! ದಾನ ನಿಂತರೆ ಒಂದು ತಲೆಮಾರಿಗೆ ಏಳು ಗಂಡು, ಮುಂದಿನದಕ್ಕೆ ಏಳು ಹೆಣ್ಣು, ಮನೆ ಕುಸಿತ, ವಂಶನಾಶ ಎಂದು ಶಪಿಸಿಯೇ ಸತ್ತಳು.

ಆಮೇಲೆ?

— ನೂಕುನುಗ್ಗಲು ಜಾಸ್ತಿಯಾಯಿತೆಂದು 1796ರಲ್ಲಿ ನಿಲ್ಲಿಸಿದರು. 1803ರಲ್ಲಿ ಮನೆಯ ಒಂದು ಭಾಗ ಬಿತ್ತು. ಏಳನೇ ಬ್ಯಾರನೆಟ್‌ಗೆ ಏಳು ಗಂಡು, ಅವರ ಹಿರಿಮಗನಿಗೆ ಏಳು ಹೆಣ್ಣು. ಏಳು ಗಂಡು ಹುಟ್ಟಿದಾಗ ಯಾರೂ ಶಾಪ ಎನ್ನಲಿಲ್ಲ, ಗಮನಿಸಿ. ಹೆದರಿ 1836ರಲ್ಲಿ ಮತ್ತೆ ಶುರುಮಾಡಿದರು.

ಒಬ್ಬ ಕಟುಕ ನಿಮ್ಮನ್ನು ಹೊಡೆದುಕೊಂಡು ಹೋಗುವುದರಲ್ಲಿದ್ದನಂತೆ?

— ಪುಣ್ಯಾತ್ಮ! 1854ರಲ್ಲಿ ನಮ್ಮ ವಾರಸುದಾರ ರೋಜರ್ ಹಡಗಿನ ಸಮೇತ ಸಮುದ್ರಪಾಲಾದ. ತಾಯಿ ಒಪ್ಪದೆ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಆಸ್ಟ್ರೇಲಿಯಾದ ವಾಗಾ ವಾಗಾದಿಂದ ಈ ಕಟುಕ ‘ನಾನೇ ರೋಜರ್’ ಎಂದು ಬಂದ. ರೋಜರ್ ಸಣಕಲ, ಫ್ರೆಂಚ್‌ನಲ್ಲೇ ಬೆಳೆದವ. ಇವನು ಗುಡಾಣ, ಫ್ರೆಂಚ್ ಬಾರದು. ತಾಯಿ ನೋಡಿ, ಇವನೇ ಎಂದರು. ಕೋರ್ಟು ನಂಬಲಿಲ್ಲ; ಅವನ ಮೇಲಿನ ಕ್ರಿಮಿನಲ್ ಮೊಕದ್ದಮೆ 188 ದಿನ ನಡೆದು ಹದಿನಾಲ್ಕು ವರ್ಷ ಜೈಲಾಯಿತು.

ತಮಗೆ ಆಗ ಏನನ್ನಿಸಿತು?

— ಮೋಸಗಾರ ನಿಜ. ಆದರೂ ಗಂಡಸು.

ದಾನ ಈಗಲೂ ಇದೆಯೇ?

— ಇದೆ. ಮಾರ್ಚ್ 25ಕ್ಕೆ ಗೋಧಿಹಿಟ್ಟು. ದೊಡ್ಡವರಿಗೆ ಒಂದು ಗ್ಯಾಲನ್, ಮಕ್ಕಳಿಗೆ ಅರ್ಧ.

ಹೆಣ್ಣುಮಕ್ಕಳಿಗೂ?

— ಅಲ್ಲಿ ನನ್ನನ್ನು ಯಾರು ಕೇಳುತ್ತಾರೆ!