ಹೊಲ ಒಬ್ಬರದು, ದುಡಿಮೆ ಇನ್ನೊಬ್ಬರದು: ಕೃಷಿ ಮತ್ತು ಸಹಕಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮುಂಗಾರಿನ ಮೊದಲ ದೊಡ್ಡ ಮಳೆಯಾದ ಮರುದಿನ ಹುಕ್ಕೇರಿ, ಗೋಕಾಕ ತಾಲೂಕುಗಳ ಗುಡ್ಡದ ಹೊಲಗಳಲ್ಲಿ ಒಮ್ಮೆ ಅಡ್ಡಾಡಿ ನೋಡಿ. ಒಡ್ಡು ಕಿತ್ತುಹೋದಲ್ಲಿ ಮೇಲ್ಮಣ್ಣು ಬಳಿದುಹೋಗಿ ಗರಸು ಎದ್ದಿರುತ್ತದೆ. ಕೆಳಗಿನ ಬದುವಿನಲ್ಲಿ ನಿಂತ ರಾಡಿಯನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಮತ್ತೆ ಮೇಲಿನ ತುದಿಗೆ ಸುರಿಯುವವರು ಸಿಗುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಆ ಹೊಲ ಸ್ವಂತದ್ದಲ್ಲ, ಲಾವಣಿಗೆ, ಅಂದರೆ ಗೇಣಿಗೆ, ಹಿಡಿದದ್ದು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆ ಹೊಂಡ ತೋಡಲು ಸಹಾಯಧನ ಕೊಟ್ಟಿತು. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದಿರಿ. ಆದರೆ ಎಲ್ಲ ಬಾಗಿಲಲ್ಲೂ ಮೊದಲು ಕೇಳುವುದು ಪಹಣಿ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಮಾಡಿ ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಈ ನಾಡು ಕಂಡ ದೊಡ್ಡ ಕೆಲಸಗಳಲ್ಲಿ ಅದೊಂದು. ಆಮೇಲೂ ಲಾವಣಿ ನಿಲ್ಲಲಿಲ್ಲ. ಕಾಗದದಿಂದ ಮರೆಯಾಗಿ ಬಾಯಿಮಾತಿನಲ್ಲಿ ಉಳಿಯಿತು. ಹಾಗಾಗಿ ಪಹಣಿಯಲ್ಲಿ ಹೆಸರಿದ್ದವರು ಪುಣೆಯಲ್ಲಿ ಕೂತಿದ್ದರೂ ಸೊನ್ನೆ ಬಡ್ಡಿಯ ಸಾಲಕ್ಕೆ ಅರ್ಹರು. ರಂಟೆ ಹೊಡೆಯುವವರು ಬೀಜ-ಗೊಬ್ಬರಕ್ಕೆ ತಿಂಗಳ ಬಡ್ಡಿಯ ಕೈಗಡ ತರಬೇಕು. ಒಡ್ಡು ಕಟ್ಟಿಸಲು ಅವರಿಗೆ ಅರ್ಜಿ ಹಾಕುವ ಹಕ್ಕೂ ಇಲ್ಲ. ಬರುವ ವರ್ಷ ಆ ಹೊಲ ಕೈಯಲ್ಲಿ ಇರುತ್ತದೋ ಇಲ್ಲವೋ ತಿಳಿಯದವರು ಸ್ವಂತ ದುಡ್ಡು ಹಾಕಿ ಹೇಗೆ ಕಟ್ಟಿಸಿಯಾರು?

ಇನ್ನೊಂದು ಮಾತು. ಎಕರೆಗೆ ಎಷ್ಟು ಬೆಳೆಸಾಲ ಎಂಬುದು ಬೆಳೆಯನ್ನು ನೋಡಿ ನಿಗದಿಯಾಗುತ್ತದೆ. ಕಬ್ಬಿಗೆ ಹೆಚ್ಚು, ಜೋಳಕ್ಕೆ ತೀರ ಕಡಿಮೆ. 51 ಟಿಎಂಸಿ ಹಿಡಿಯುವ ಹಿಡಕಲ್ ಜಲಾಶಯದ ನೀರು ಕಾಲುವೆ ಹಿಡಿದು ಇಳಿಯುವ ಮೂಡಲಗಿ ಸೀಮೆಯ ಎರಿ ಭೂಮಿಗೆ ಕಬ್ಬಿಗೆಂದು ನೀರು ಹಾಯಿಸಿ ಹಾಯಿಸಿ ಸವಳು-ಜವಳಾದ ಹೊಲಗಳು ನಮ್ಮ ಕಣ್ಣೆದುರಿಗಿವೆ. ಒಂದು ಇಲಾಖೆ ನೀರು ಉಳಿಸಿ ಎನ್ನುತ್ತಿರುವಾಗ ಇನ್ನೊಂದು ಇಲಾಖೆಯ ಸಾಲ ರೈತರನ್ನು ಕಬ್ಬಿನ ಕಡೆಗೇ ನೂಕುತ್ತಿದೆ. ಇದು ನನಗೆ ಸಂಕಟದ ವಿಷಯ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ದುಡಿಯುವ ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲಿಕ್ಕೆ. ಅದೇ ಸಹಕಾರದ ಹಣ ಇಂದು ಲಾವಣಿ ರೈತರ ಮನೆ ಮುಟ್ಟುತ್ತಿಲ್ಲ.

ಆಂಧ್ರಪ್ರದೇಶ 2019ರಲ್ಲಿ ಕಾಯ್ದೆ ತಂದು, ಭೂಮಿಯ ಒಡೆತನಕ್ಕೆ ಧಕ್ಕೆ ಬಾರದಂತೆ, ಉಳುವವರಿಗೆ 11 ತಿಂಗಳ ಸಾಗುವಳಿ ಕಾರ್ಡು ಕೊಡಲು ಮುಂದಾಯಿತು. ಅಲ್ಲಿ ಮಾಲೀಕರ ಸಹಿ ಬೇಕೆಂದದ್ದೇ ತೊಡಕಾಯಿತು. ನಮ್ಮಲ್ಲಿ ಗ್ರಾಮ ಪಂಚಾಯಿತಿಯ ಪಂಚನಾಮೆಯ ಮೇಲೆಯೇ ಅಂಥ ಕಾರ್ಡು ಕೊಡಿ. ಜೋಳ, ಕಡಲೆ ಬಿತ್ತಿ ಒಡ್ಡು ಕಾಯುವವರಿಗೆ ಎಕರೆವಾರು ಸಾಲದ ಮೊತ್ತ ಏರಿಸಿ. ಬರುವ ಮುಂಗಾರಿಗೆ ಮುಂಚೆ ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ತಾಲೂಕುಗಳಲ್ಲೇ ಶುರುಮಾಡಿ. ಯಾರು ಯಾವ ಹೊಲ ಉಳುತ್ತಾರೆಂದು ಸಾಕ್ಷಿ ಹೇಳಲು ಊರ ಜನ ತಯಾರಿದ್ದಾರೆ.

ಇಂತಿ,
ಬೆಳಗಾವಿ ಜಿಲ್ಲೆಯ ಒಬ್ಬ ಓದುಗ